ಶ್ರಾವಣದಾಗ ಹಾಕಿದ ಔಷಧ

...ಇಲ್ಲ ಬಾಳವ್ವಾ, ಕದಾ ಮುಚ್ಚಬ್ಯಾಡ. ಒಳಗ ಬರಂಗಿಲ್ಲ ನಾ. ಇಲ್ಲೇ ಕಟ್ಟಿ ಮ್ಯಾಲ ಕುಂಡರತೇನಿ. ಚೀಲಾನೂ ಇಲ್ಲೇ ಕೆಳಗ ಇಟ್ಟೆ, ನೋಡು. ಬಾಟ್ಲಿ ಹೊರಗ ತಗದಿಲ್ಲ. ನೀ ಹ್ಞೂಂ ಅನ್ನೂತನಾ ತಗಿಯಂಗೂ ಇಲ್ಲ.

ಹಂಗ ನೋಡಬ್ಯಾಡ. ಎಲ್ಲಾ ಮನ್ಯಾಗೂ ಹಿಂಗ ನೋಡಿದ್ರು ಇವತ್ತ. ಕೆಂಚವ್ವ ಅಂತೂ ನನ್ನ ಕಂಡಕೂಡಲೆ ಮೊಮ್ಮಕ್ಕಳನ್ನ ಒಳಗ ದಬ್ಬಿ ಚಿಲಕಾ ಹಾಕ್ಕೊಂಡಳು. ಹತ್ತರಗಿ ಸ್ಟ್ಯಾಂಡಿನಿಂದ ಇಲ್ಲೀತನಾ ನಡಕೋತ ಬಂದು ಹತ್ತು ಗುಡಸಲಾ ತಿರಗೇನಿ. ಒಂದ ಕೂಸಿನ ಬಾಯಿ ತೆರೀಲಿಲ್ಲ. ಯಾಕ ಅಂದ್ರ, ಬಾಳವ್ವನ ಮನೀಗೆ ಹೋಗ್ರಿ, ಆಕಿ ತನ್ನ ಸಣ್ಣಾಕಿಗೆ ಹಾಕಿಸಿದರ ನಾವೂ ಹಾಕಸತೇವಿ ಅಂತಾರ. ಎಲ್ಲಾರೂ ಅದ ಮಾತು. ಅದಕ್ಕ ಬಂದೇನಿ. ನೀ ಕೊನೀ ಮನಿ.

ಯಾಕ ನಗತಿ?

...ನಗು, ನಗು. ಈ ನೇಮಣ್ಣಗ ಇಷ್ಟು ಮಾತು ಬರತಾವೇನು ಅಂತ ನಗಾಕತ್ತಿರಬೇಕು. ಖರೆ ಐತಿ. ನಾ ಮಾತಾಡಾಂವಲ್ಲ. ಮುಂಜಾನೆ ಬರಾಂವ, ಚಮಚದಲೆ ಹಾಕಾಂವ, ಹೆಸರಿನ ಮುಂದ ಒಂದು ಗುರ್ತ ಹಾಕಾಂವ, ನಿಮ್ಮ ಮನ್ಯಾಗ ನೀರು ಸೈತ ಮುಟ್ಟದ ಹೋಗಾಂವ. ಸಂಕೇಶ್ವರದಾಗ ನಮ್ಮ ಜೈನ ವ್ಯಾಪಾರಸ್ಥರು ಕೂಡಿ ಮಂಡಳಿ ಮಾಡಿ, ಬಡವರ ಮಕ್ಕಳಿಗೆ ವಿಟಾಮಿನ್ ಹಾಕಸೋಣು ಅಂದಾಗ, ಇದಕ್ಕ ನೇಮಣ್ಣನ ಬರೋಬರಿ ಅಂದ್ರು. ಪುಸ್ತಕಾ ಓದಾಂವ, ಮಾತು ಕಡಿಮಿ, ಕೆಲಸ ಚೊಕ್ಕ... ಹಂಗಂತ ನಂಬಿ ಆರಿಸಿದ್ರು.

ಮರದಾಗ ಜ್ವಾಳಾ ಹಸನ ಮಾಡು ನೀ, ಮಾಡಕೋತ ಕೇಳು. ಮರದ ಸಪ್ಪಳ ಇದ್ದರ ನನಗ ಮಾತಾಡೂದು ಹಗರ ಆಗತೈತಿ.

ನಿನ್ನೆ ದೀಪಾ ಹಚ್ಚೂ ಹೊತ್ತಿನಾಗ ನಾ ಆ ಬೇವಿನ ಗಿಡದ ಬುಡಕ ನಿಂತಿದ್ದೆ. ಬರಬೇಕೋ ಬ್ಯಾಡೋ ಅಂತ ನಿಂತಿದ್ದೆ. ನಿನ್ನ ಸಣ್ಣಾಕಿ, ಈ ಲಗಮವ್ವ, ಕೈಯಾಗ ರೊಟ್ಟಿ ಹಿಡಕೊಂಡು ಅಂಗಳದಾಗ ಬರಾಕತ್ತಿತ್ತು. ಮುಂದ ಊಟದ ಗಂಗಾಳ ಇತ್ತು. ನಾ ಅಷ್ಟು ದೂರಿಂದ ನೋಡತೇನಿ, ಅದಕ್ಕ ಕಾಣವಲ್ಲದು. ಎಡವಿ ಬಿತ್ತು. ಅಳಲಿಲ್ಲ. ಎದ್ದು ಕುಂತು ಎರಡೂ ಕೈಲೆ ನೆಲಾ ತಡವಾಕತ್ತಿತು. ರೊಟ್ಟಿ ಹುಡಕಾಕತ್ತಿತ್ತು ಬಾಳವ್ವಾ. ರೊಟ್ಟಿ ಅದರ ಮಣಕಾಲ ಮುಂದನ ಬಿದ್ದಿತ್ತು.

ನೀನೂ ನೋಡಿದಿ. ನೋಡಿ ಆ ಕಡೆ ಮುಖಾ ತಿರಿವಿದಿ.

ಇರುಳಗುರುಡು ಅಂತಾರ ಇದಕ್ಕ. ಹೊತ್ತ ಮುಣಗಿದ ಮ್ಯಾಲ ಕಾಣಂಗಿಲ್ಲ. ಇನ್ನಾ ಹಗಲಿ ಕಾಣತೈತಿ, ಅದು ನಮ್ಮ ಪುಣ್ಯಾ. ಆದರ ಮುರಿಗೆಪ್ಪನ ಮೊಮ್ಮಗಗ ಮೈತುಂಬ ಗೊಬ್ಬರ ಎದ್ದೈತಿ... ಡಾಕ್ಟರ ಮಂದಿ ದಡಾರ ಅಂತಾರಲ್ಲ, ಅದನ. ಕೆಂಡದಂಥಾ ಜ್ವರಾ. ಆ ಮನೀಗೂ ಈ ಮನೀಗೂ ನಡುವ ಎರಡ ಗುಡಸಲಾ. ನಾಳೆ ಇಲ್ಲೆ ಬರತೈತಿ, ಇಲ್ಲಾ ನಾಡದು. ಇರುಳಗುರುಡಾದ ಕೂಸಿಗೆ ಆ ಗೊಬ್ಬರ ಎದ್ದರ ಏನಾಗತೈತಿ ಅನ್ನೂದು ನಾ ಹೇಳಬೇಕಾಗಿಲ್ಲ ನಿನಗ. ಇವತ್ತ ಒಂದ ಚಮಚ ಹೊಟ್ಟ್ಯಾಗ ಹೋದರ ಉಳೀತಾವ ಕಣ್ಣು. ಒಂದ ಚಮಚ. ಅಷ್ಟ ಕೇಳಾಕತ್ತೇನಿ.

ಒಳಗ ಕೈ ಮಾಡಬ್ಯಾಡ. ಗೊತ್ತೈತಿ ನನಗ. ನಿನ್ನ ದೊಡ್ಡಾಕಿ ಮಾಲಾ ಒಳಗ ಕುಂತಾಳ. ಸೇಂಗಾ ಒಡಿಯೂ ಸಪ್ಪಳ ಕೇಳಾಕತ್ತೈತಿ. ಎಷ್ಟಾತು ಈಗ ಆಕಿಗೆ? ಆರು ದಾಟಿರಬೇಕು. ನಾಕು ವರ್ಷ ಆತು ನೋಡು, ಪುಷ್ಯಮಾಸಕ್ಕ.

ನೀ ಏನಂತಿ ಅನ್ನೂದು ನಿನ್ನ ಮುಖದ ಮ್ಯಾಲನ ಐತಿ. ಮಾಲಾಗೂ ನೀವ ಹಾಕಿದ್ರೆಲ್ಲಾ ಕಾಕಾ. ಶ್ರಾವಣದಾಗ ಹಾಕಿದ್ರಿ, ಪುಷ್ಯದಾಗ ಕಣ್ಣ ಹೋದವು. ಇದನ್ನ ಕುಡದ ಹೋದವು. ಹಿಂಗ ಅಲ್ಲ?

ಔಷಧದಿಂದ ಕಣ್ಣ ಹೋಗಂಗಿಲ್ಲ ತಂಗಿ. ಗೋಕಾಕ ಕಡೆ ಹಾಕ್ಯಾರ, ಮೂಡಲಗಿ ಕಡೆ ಕಬ್ಬ ಕಡಿಯಾಕ ಬಂದ ಮಂದಿ ಮಕ್ಕಳಿಗೆ ಹಾಕ್ಯಾರ. ನಿನ್ನ ಗಂಡ ಸತ್ಯಪ್ಪನೂ ಅಲ್ಲೇ ಕಡಿಯಾಕ ಹೋಗ್ಯಾನಲ್ಲ ಈಗ, ಬಂದ ಮ್ಯಾಲ ಕೇಳು. ಅಲ್ಲೆ ಗೊಬ್ಬರ ಎದ್ದ ಮಕ್ಕಳೂ ಎದ್ದು ಆಡಾಕತ್ತಾವ. ಗೊಬ್ಬರ ಕಣ್ಣ ಕಳೀತೈತಿ. ಔಷಧ ಕಾಯತೈತಿ.

...ಹಂಗಾದರ ಮಾಲಾನ್ನ ಯಾಕ ಕಾಯಲಿಲ್ಲ ಅಂತಿ.

ಮರಾ ಯಾಕ ಕೆಳಗ ಇಟ್ಟಿ? ಹಿಡಕೋ... ಹಿಡಕೋ ಅದನ್ನ.

ಕೆಲವು ಮಕ್ಕಳಿಗೆ ಮೈಗೆ ಹತ್ತಂಗಿಲ್ಲ ಔಷಧ. ಹೊಟ್ಟ್ಯಾಗ ಜಂತ ಇದ್ದರ, ಬ್ಯಾನಿ ಇದ್ದರ... ಒಮ್ಮೊಮ್ಮೆ ಕೂಸು ಉಗುಳಿರತೈತಿ, ನಮಗ ತಿಳಿಯಂಗಿಲ್ಲ... ಹಂಗೂ ಆಗತೈತಿ. ಪುಸ್ತಕದಾಗೂ ಐತಿ.

ಇಲ್ಲ.

ಇಲ್ಲ ಬಾಳವ್ವಾ, ಇದು ಸುಳ್ಳ. ಇಷ್ಟ ಹೇಳಿ ಹೋಗೂಣು ಅಂತನ ಬಂದಿದ್ದೆ. ಆದರ ಇಷ್ಟ ಹೇಳಿದರ ನೀ ಹಾಕಸಂಗಿಲ್ಲ. ಯಾಕ ಹಾಕಸತಿ? ಒಂದ ಕೂಸಿನ ಮ್ಯಾಲ ನಡೀದ ಔಷಧಾನ್ನ ಇನ್ನೊಂದಕ್ಕ ಯಾವ ತಾಯಿ ಹಾಕಸತಾಳ? ನಾ ಖರೆ ಹೇಳೂತನಾ ನೀ ಈ ಕೂಸಿನ ಬಾಯಿ ತೆರಿಯಂಗಿಲ್ಲ. ನಿನ್ನೆ ಆ ಗಿಡದ ಬುಡಕ ನಿಂತಾಗ ಇದ ಲೆಕ್ಕಾ ತಲ್ಯಾಗ ತಿರಗತಿತ್ತು.

ಮಾಲಾಗ ನಾ ಹಾಕಿದ್ದು ಔಷಧ ಅಲ್ಲ.

ಸೇಂಗಾ ಎಣ್ಣಿ. ನಮ್ಮ ಮನೀದು. ಕಿತ್ತಳಿ ವಾಸನಿ ಬರೂವಂಗ ಪೇಟ್ಯಾಗ ಒಂದು ಎಸೆನ್ಸ್ ಸಿಗತೈತಿ, ಅದನ್ನ ನಾಕ ಹನಿ ಕೂಡಿಸಿದ್ದೆ. ಮಕ್ಕಳು ಉಗುಳಬಾರದು ಅಂತ ಸಕ್ಕರಿ ಪಾಕ. ಮಂಡಳಿ ಬಾಟ್ಲಿ ಎಲ್ಲಾ ನಮ್ಮ ಹಿತ್ತಲದಾಗ ತೆಗ್ಗ ತೋಡಿ ಸುರಿವಿದೆ. ತೊಳದು ಒಣಗಿಸಿ, ಅದ ಬಾಟ್ಲ್ಯಾಗ ಎಣ್ಣಿ ತುಂಬಿ, ನಿಮ್ಮ ಮನಿ ಮನೀಗೆ ತಿರಗಿದೆ. ಆ ಶ್ರಾವಣದಾಗ ಈ ಹನ್ನೊಂದು ಮನ್ಯಾಗ ಹಾಕಿದ್ದು ಎಲ್ಲಾ ಅದನ.

ಒಳಗ ಸಪ್ಪಳ ನಿಂತತಿ.

...ಯಾಕಂತ ಹೇಳತೇನಿ. ಹೇಳಿದರ ತಪ್ಪ ಸಣ್ಣದಾಗತೈತಿ ಅಂತಲ್ಲ. ಕೇಳು.

ಆ ವರ್ಷ ನಮ್ಮ ಬಸದ್ಯಾಗ ಮುನಿ ಮಹಾರಾಜರ ಚಾತುರ್ಮಾಸ ಇತ್ತು. ಮಳಿಗಾಲದ ನಾಕು ತಿಂಗಳು ಒಂದ ಕಡೆ ಇರತಾರ ಅವರು. ಮನಿ ಮನ್ಯಾಗ ವ್ರತಾ. ನಮ್ಮವ್ವ ರಾಜಮತಿ, ಈಗಿಲ್ಲ ಆಕಿ, ಹೊತ್ತ ಮುಣಗಿದ ಮ್ಯಾಲ ಬಾಯಾಗ ನೀರ ಹಾಕ್ಕೊಂಡಾಕಿ ಅಲ್ಲ. ಕುಡಿಯೂ ನೀರ ಅರಬಿಲೆ ಎರಡ ಸರ್ತಿ ಸೋಸಿ, ಆ ಅರಬಿ ಮತ್ತ ಬಾವ್ಯಾಗ ಜಾಲಾಡಸತಿದ್ದಳು, ಹುಳಾ ಸಾಯಬಾರದು ಅಂತ. ಅಂಥಾಕಿ ಕಪಾಟಿನಾಗ ಆ ಬಾಟ್ಲಿ ನೋಡಿ, ನೇಮಾ, ಏನಿಂದ ಮಾಡತಾರಪಾ ಇದನ್ನ ಅಂತ ಕೇಳಿದಳು. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೂದು ಓದಿದಾಂವಗ ಭಾಳ ತ್ರಾಸ. ನಮ್ಮಪ್ಪನ ಕಾಲದ ಒಂದು ವೈದ್ಯಕೀಯ ಪುಸ್ತಕ ಇತ್ತು. ತಗದು ನೋಡಿದೆ. ಮೀನಿನ ಕಲೀಜದ ಎಣ್ಣಿ ಅಂತ ಬರದಿತ್ತು.

ಅಷ್ಟ. ಯಾರನ್ನೂ ಕೇಳಲಿಲ್ಲ. ತಾಲೂಕಾ ದವಾಖಾನಿಗೆ ಹೋಗಿ ಒಂದ ಮಾತ ಕೇಳಬಹುದಿತ್ತು, ಸೈಕಲ್ ಮ್ಯಾಲ ಒಂದ ತಾಸಿನ ಹಾದಿ. ಪುಸ್ತಕ ಹೇಳೈತಿ, ಮುಗೀತು. ನನ್ನ ಕೈಲೆ ಮೀನಿನ ಎಣ್ಣಿ ಎತ್ತಿ ಹಾಕಬಾರದು. ಮಂಡಳಿಗೆ ಹೇಳಿದರ ಕೆಲಸಾನ ನಿಂದರಸತಾರ, ಹಂಗೂ ಆಗಬಾರದು. ಸೇಂಗಾ ಎಣ್ಣಿನೂ ಪುಷ್ಟಿನ ಅಲ್ಲೇನು ಅಂತ ನನಗ ನಾನ ಹೇಳಿಕೊಂಡೆ. ಯಾರಿಗೂ ಕೆಡಕು ಮಾಡಿಲ್ಲ, ಒಂದು ಜೀವಾನೂ ಕೊಂದಿಲ್ಲ ಅಂತ ಚೊಲೊ ನಿದ್ದಿ ಮಾಡಿದೆ ಬಾಳವ್ವಾ ಆಗ. ಭಾಳ ಚೊಲೊ ನಿದ್ದಿ.

ಬ್ಯಾಡ, ಹೇಳಬ್ಯಾಡ. ನೀವು ಮೀನ ತಿನ್ನೂ ಮಂದಿ. ಗೊತ್ತಿತ್ತು ನನಗ. ವ್ರತಾ ನಂದು, ನಿಮ್ಮದಲ್ಲ. ಅವತ್ತ ಇದ ಒಲಿ ಮ್ಯಾಲ ಮೀನಿನ ಸಾರ ಕುದಿಯಾಕತ್ತಿತ್ತು. ಸತ್ಯಪ್ಪ ಹೊಳ್ಯಾಗ ಗಾಳಾ ಹಾಕಿ ತಂದಿದ್ದ. ನಾ ದೋತರದ ಚುಂಗ ಮೂಗಿಗೆ ಹಿಡಕೊಂಡು ಇಲ್ಲೆ ನಿಂತೆ. ನಿಂತು ಇನ್ನೊಂದ ಕೈಲೆ ನಿನ್ನ ಮಗಳ ಬಾಯಾಗ ಎಣ್ಣಿ ಹಾಕಿದೆ. ನೀ ಆಕಿ ಗಲ್ಲಾ ಹಿಡದಿದ್ದಿ. ದೇವರಂಥಾವರು ಕಾಕಾ ನೀವು ಅಂದಿ.

ಮತ್ತ... ಇದನ್ನೂ ಹೇಳಿ ಬಿಡತೇನಿ. ಆ ಬಾಟ್ಲ್ಯಾಗ ಮೀನ ಇರಲೇ ಇಲ್ಲ. ಪುಸ್ತಕದ ಮಾತು ಐವತ್ತು ವರ್ಷದ ಹಿಂದಿಂದು. ಈಗ ಕಾರಖಾನ್ಯಾಗ ಮಾಡತಾರ, ಮೀನಿನ ಸುದ್ದಿನ ಇಲ್ಲ. ಕಲಸೂದು ಯಾವುದರಾಗ ಗೊತ್ತೈತೇನು? ಸೇಂಗಾ ಎಣ್ಣ್ಯಾಗ. ಡಾಕ್ಟರು ನಕ್ಕೊಂತ ಹೇಳಿದ್ರು ನನಗ. ಔಷಧ ಚೆಲ್ಲಿ ಬರೇ ಎಣ್ಣಿ ಇಟಗೊಂಡಾಂವ ನಾ.

ಅಳಬ್ಯಾಡ ಅನ್ನಾಕ ಬಾಯಿ ಇಲ್ಲ ನನಗ. ಆದರ ನೀ ಅಳಾಕತ್ತಿಲ್ಲ.

ಈಗ ಹೇಳು. ಔಷಧ ಕುಡದು ಮಾಲಾನ ಕಣ್ಣ ಹೋಗಲಿಲ್ಲ. ಔಷಧ ಸಿಗದ ಹೋದವು. ಸಣ್ಣಾಕಿಗೆ ಸಿಗಲಿ. ನಾಕ ವರ್ಷ ನಾ ಈ ಕಡೆ ಬರಲಿಲ್ಲ, ಮಂಡಳೀನೂ ಬಿಟ್ಟೆ. ಮೊನ್ನೆ ಹತ್ತರಗ್ಯಾಗ ಗೊಬ್ಬರ ಎದ್ದೈತಿ ಅಂತ ಕೇಳಿ, ತಾಲೂಕಾ ದವಾಖಾನಿಂದ ಬಾಟ್ಲಿ ಬೇಡಿ ತಂದೇನಿ. ಮುಚ್ಚಳ ಒಡದಿಲ್ಲ. ಸೀಲ್ ನೋಡು ಬೇಕಾದರ.

...ಕೈ ಚಾಚಿದಿ?

ತಡಿ, ನಾ ಅಳದು ಕೊಡತೇನಿ. ...ಬ್ಯಾಡ? ಬರೋಬರಿ, ನೀನ ಹಾಕು. ನಾ ದೂರ ಸರೀತೇನಿ. ಸೀಲ್ ತಿರಿವಿ ಒಡಿ. ಈ ಚಮಚದಾಗ ಎರಡ ಗೆರಿ ಅದಾವ. ಕೆಳಗಿನದು ಹಾಲ ಕುಡಿಯೂ ಕೂಸಿಗೆ, ಇಕಿಗೆ ಮ್ಯಾಲಿನದು, ಎರಡು ದಾಟ್ಯಾವಲ್ಲ. ಬರೋಬರಿ ಗೆರಿಗೆ... ಹ್ಞಾಂ. ಹೆಚ್ಚ ಬ್ಯಾಡ. ಗಲ್ಲಾ ಒತ್ತು ಹಗರಕ. ...ನುಂಗಿತೇನು? ಬಾಯಿ ತೆರಿಸಿ ನೋಡು. ...ನುಂಗಿತು. ನುಂಗಿತು.

ಚಮಚ ನೀನೂ ನೆಕ್ಕಿ ನೋಡಿದಿ.

...ಹೌದು. ಅವತ್ತಿನದು ಹಿಂಗಿರಲಿಲ್ಲ.

ಏಳತೇನಿ ನಾ ಇನ್ನ. ಇನ್ನೂ ಹತ್ತು ಮನಿ ಅದಾವ, ಬೆಳಕ ಇರೂದರಾಗ ಮುಗಸಬೇಕು. ಬಾಳವ್ವಾ, ನೀ ಒಂದ ಮಾತ ಅಂದರ ಸಾಕು ಅವರಿಗೆ. ನಾ ಹಾಕಿಸೇನಿ, ನೀವೂ ಹಾಕಸ್ರಿ, ಅಷ್ಟ. ಉಳದದ್ದು... ಎಲ್ಲಾರಿಗೂ ಹೇಳಬೇಕಂತಿಲ್ಲ. ಮಕ್ಕಳ ಹೊಟ್ಟ್ಯಾಗ ಔಷಧ ಹೋದರ ಆತಲ್ಲ. ನನ್ನ ಮಾನಕ್ಕಲ್ಲ, ಮಂಡಳಿ ಹೆಸರ ಕೆಡತೈತಿ, ನಾಳೆ ಯಾರನ್ನೂ ನಂಬಂಗಿಲ್ಲ ಮಂದಿ...

ಚೀಲಾ ಬಿಡು.

ಬಾಳವ್ವಾ, ಚೀಲಾ ಬಿಡು. ಹೊತ್ತಾಗತೈತಿ.

ಇನ್ನೇನೈತಿ? ಎಲ್ಲಾ ಹೇಳಿದೆನಲ್ಲ. ಇಷ್ಟು ನಮ್ಮವ್ವಗೂ ಹೇಳಿರಲಿಲ್ಲ ನಾ. ಬೈಯೂದಿದ್ದರ ಬೈಯಿ, ಚಪ್ಪಲ ತಗೋ, ನಿಂದರತೇನಿ.

...ಡಾಕ್ಟರು?

ಯಾವ ಡಾಕ್ಟರು ಅಂತ ನೋಡಾಕತ್ತಿ. ನಕ್ಕೊಂತ ಹೇಳಿದ್ರು ಅಂದೆನಲ್ಲ, ಆ ಡಾಕ್ಟರು. ಯಾರೋ ಒಬ್ಬರು. ಆಮ್ಯಾಗ, ಎಷ್ಟೋ ದಿನದ ಮ್ಯಾಲ... ಸಂಕೇಶ್ವರದಾಗ ಒಬ್ಬರು...

ನಿನ್ನ ಕಣ್ಣ ಯಾಕ ಹಂಗ ನಿಂತಾವ.

ನಿನಗ ನೆನಪೈತಿ. ಎಲ್ಲಾ ನೆನಪೈತಿ ನಿನಗ. ನಾಕ ವರ್ಷ ಆ ದವಾಖಾನಿ ಬಾಕಿನ ಮ್ಯಾಲನ ಕುಂತೀದಿ ನೀ, ಎದ್ದ ಇಲ್ಲ.

...ಹೌದು. ಅದ ಡಾಕ್ಟರು.

ಗಡಿ ಆಚಿ ದವಾಖಾನಿ. ಹತ್ತರಗ್ಯಾಗ ಬಸ್ ಹತ್ತಿ ಮಾಲಾನ್ನ ಕರಕೊಂಡ ಹೋದಿವಿ. ನೀ, ಸತ್ಯಪ್ಪ, ನಾ. ನಾ ಯಾಕ ಬಂದಿದ್ದೆ? ನಿಮಗ ಮರಾಠಿ ಬರಂಗಿಲ್ಲ, ಡಾಕ್ಟರಿಗೆ ಕನ್ನಡ ಬರಂಗಿಲ್ಲ, ನೀವ ಬರ್ರಿ ಕಾಕಾ ಅಂತ ನನ್ನ ಕಾಲ ಹಿಡದಿದ್ದಿ. ನಮ್ಮ ಮನ್ಯಾಗ ಎರಡೂ ಮಾತಾಡತಾರ. ಅವರ ಮಾತು ನಿನಗ ಹೇಳೂದು, ನಿನ್ನ ಮಾತು ಅವರಿಗೆ ಹೇಳೂದು. ಅಷ್ಟ ಇತ್ತು ನನ್ನ ಕೆಲಸ. ಮಾಲಾ ನಿನ್ನ ತೊಡಿ ಮ್ಯಾಲ ಇದ್ದಳು, ಮುಖದ ಮ್ಯಾಲ ಒದ್ದಿ ಅರಬಿ. ಬಲಗಣ್ಣ ಆಗಲೇ ಬೆಳ್ಳಗಾಗಿತ್ತು. ಎಡಗಣ್ಣ ಇನ್ನಾ ಇತ್ತು. ನೀ ಬಳಿ ಆಡಿಸಿದರ ಆ ಗುಡ್ಡಿ ತಿರಗತಿತ್ತು. ನಾ ನೋಡೇನಿ ತಿರಗೂದನ್ನ.

ಡಾಕ್ಟರು ಬೆಳಕ ಬಿಟ್ಟು ನೋಡಿದ್ರು. ನೋಡಿ ನನ್ನ ಕಡೆ ತಿರಗಿ ಮರಾಠ್ಯಾಗ ಕೇಳಿದ್ರು. ಈ ಕೂಸಿಗೆ ವಿಟಾಮಿನ್ ಹಾಕ್ಯಾರೇನು? ಎರಡನೇ ಸರ್ತಿ ಕೇಳಿದ್ರು.

ನಾ ಗೋಣ ಹಾಕಿದೆ.

ನೀ ನನ್ನ ಮುಖಾನ ನೋಡಾಕತ್ತಿದ್ದಿ. ಮಾತು ತಿಳೀಲಿಲ್ಲ ನಿನಗ, ಆದರ ಗೋಣ ಹಾಕಿದ್ದು ಕಂಡತಿ. ಹಾಕ್ಯಾರ್ರಿ, ಶ್ರಾವಣದಾಗ, ನಾನ ಹಾಕೇನಿ ಅಂದೆ. ಬಾಜೂಕ ನಮ್ಮ ಸಮಾಜದವರೊಬ್ಬರು ಕುಂತಿದ್ರು, ಮಂಡಳಿಯವರ ಬೀಗರು. ಅವರ ಮುಂದ ಇಲ್ಲ ಅನ್ನಾಕ ಆಗಲಿಲ್ಲ ನನಗ. ಒಂದ ಶಬ್ದ ಬಾಳವ್ವಾ. ನಾಹೀ ಅಂದಿದ್ದರ ಆಗತಿತ್ತು. ಹಂಗಾದರ ಇದು ಬ್ಯಾರೆ ಏನರ ಇರಬೇಕು ಅಂದ್ರು ಡಾಕ್ಟರು. ಕಣ್ಣಿಗೆ ಹನಿ ಬರದ್ರು. ಎರಡ ದಿನಾ ಬರೇ ಹನಿ ಹಾಕಿದಿವಿ. ಮೂರನೇ ದಿನಾ, ಯಾಕೋ ಸಂಶೇ ಬಂದು, ಹಾಕಿದ್ದರೂ ವಿಟಾಮಿನ್ ಇನ್ನೊಮ್ಮೆ ಹಾಕಿ ನೋಡೂಣು ಅಂತ ಅವರೇ ತಮ್ಮ ಕೈಲೆ ಹಾಕಿದ್ರು. ಅಷ್ಟೊತ್ತಿಗೆ ನೀ ಬಳಿ ಆಡಸಾಕತ್ತಿದ್ದಿ, ಗುಡ್ಡಿ ತಿರಗವಲ್ಲದಾಗಿತ್ತು. ಅವತ್ತ ಸಂಜೀಮುಂದ ನಾ ಅವರ ಹಿಂದ ಹೋಗಿ, ಇದು ಮೀನಿಂದಲ್ಲೇನ್ರಿ ಅಂತ ಕೇಳಿದ್ದು. ಅವರು ನಕ್ಕಿದ್ದು ಅವತ್ತ.

ಮೊದಲನೇ ದಿನಾನ ಹಾಕಿದ್ದರ ಎಡಗಣ್ಣ ಉಳೀತಿತ್ತೇನು ಅಂತ ಕೇಳಬ್ಯಾಡ. ನಾನೂ ಕೇಳಲಿಲ್ಲ ಅವರಿಗೆ. ಕೇಳೂ ಧೈರ್ಯ ಆಗಲಿಲ್ಲ.

ಹೌದು, ಇನ್ನೊಂದೈತಿ. ನೀ ಅವತ್ತ ನನ್ನ ತೋಳ ಹಿಡದು ಕೇಳಿದಿ, ಏನಂದ್ರು ಕಾಕಾ ಡಾಕ್ಟರು ಅಂತ. ದೇವರ ಕೈಯಾಗ ಐತಿ ಅಂದ್ರು ಅಂದೆ ನಾ. ನೀ ಅದನ್ನ ನಂಬಿ ಬಂದವರಿಗೆಲ್ಲಾ ಹೇಳಿದಿ. ಅವರು ಹಂಗ ಅಂದಿರಲಿಲ್ಲ ಬಾಳವ್ವಾ. ದೇವರ ಹೆಸರನ ತಗೀಲಿಲ್ಲ ಅವರು. ಅವರು ಕೇಳಿದ್ದು ಒಂದ ಮಾತು. ಅದಕ್ಕ ಉತ್ತರಾ ನನ್ನ ಕೈಯಾಗಿತ್ತು.

...ಚೀಲಾ ಬಿಟ್ಟಿ. ಹೋಗು ಅಂತಿ? ಹೋಗತೇನಿ. ಆ ಹತ್ತು ಮನ್ಯಾಗ ಅವರು ಹಾಕಸಲಿಕ್ಕಿಲ್ಲ, ಆದರೂ... ನೀ ಯಾಕ ಎದ್ದಿ? ಕೂಸಿನ್ನ ಬಗಲಾಗ ಎತಗೊಂಡು ಎಲ್ಲಿ ಹೊಂಟಿ? ಬಾಳವ್ವಾ...

ಕೆಂಚವ್ವನ ಮನಿ ಕಡೆ.

ನೀ ಹೇಳತಿಯೇನು ಅವರಿಗೆ? ಹಾಕಿಸೇನಿ ಅಂತ? ...ಇಲ್ಲ. ಹೇಳಾಕ ಹೊಂಟಿಲ್ಲ ನೀ. ತಿಳೀತು. ಕೊರಳಾಗ ಧ್ವನಿ ಇದ್ದೂ ನೀ ಹೇಳಂಗಿಲ್ಲ. ನಾನ ಹೇಳಬೇಕು. ಮನಿ ಮನೀಗೆ, ನಿನ್ನ ಮುಂದ.

ಸಾವಕಾಶ ನಡಿ, ಬಂದೆ.

ಕೆಂಚವ್ವಾ... ಚಿಲಕಾ ತಗಿ ಸ್ವಲ್ಪ. ನಾ, ನೇಮಣ್ಣ. ಬಾಳವ್ವನೂ ಬಂದಾಳ. ಸಣ್ಣಾಕಿಗೆ ಹಾಕಿಸ್ಯಾಳ ಆಕಿ, ತನ್ನ ಕೈಲೆನ ಹಾಕ್ಯಾಳ, ಕೇಳು ಬೇಕಾದರ. ನಿನ್ನ ಮೊಮ್ಮಕ್ಕಳಿಗೂ ಹಾಕೂಣು. ಅದಕ್ಕಿಂತ ಮೊದಲ ನಿನಗ ಒಂದು ಹೇಳೂದೈತಿ. ನಾಕ ವರ್ಷದ ಹಿಂದ ಶ್ರಾವಣದಾಗ ನಾ ನಿಮ್ಮ ಮಕ್ಕಳಿಗೆ ಹಾಕಿದ್ದು... ಆ ಬಾಟ್ಲ್ಯಾಗಿದ್ದದ್ದು...

ಬಾಳವ್ವಾ, ನೀ ಹಿಂಗ ನನ್ನ ಮುಖಾ ನೋಡಕೋತ ಮುಂದ ನಿಂತರ ನನಗ ಹೇಳಾಕ ಆಗವಲ್ಲದು. ಸ್ವಲ್ಪ ಆ ಕಡೆ...

ಇಲ್ಲ. ಸರೀಬ್ಯಾಡ. ಅಲ್ಲೇ ನಿಂತಿರು.